ನಾಡು ಕೂಡಿದ ದಿನ, ಮನ ಕೂಡಿದ ಕಾಲ



ತಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಹಳ್ಳಿಯ ಮನೆಯನ್ನು ಬಿಟ್ಟು ಮಠದ ಪ್ರಸಾದನಿಲಯಕ್ಕೆ ಬಂದು ಓದಿದವರು. ಆ ಮೊದಲ ದಿನವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ತಂದೆಯವರು ತಗಡಿನ ಟ್ರಂಕನ್ನು ಒಂದು ಮೂಲೆಯಲ್ಲಿರಿಸಿ, ದಾಖಲೆ ಪುಸ್ತಕದಲ್ಲಿ ಮಗನ ಹೆಸರನ್ನು ಬರೆಸಿ, ಸಂಜೆಯ ಬಸ್ಸಿಗೆ ಊರಿಗೆ ಹಿಂದಿರುಗಿದರು. ಪುಸ್ತಕದಲ್ಲಿ ಹೆಸರು ಬಿದ್ದ ಗಳಿಗೆಯಿಂದಲೇ ತಾವು ನಿಲಯದ ವಿದ್ಯಾರ್ಥಿಗಳಾದಿರಿ. ಆದರೆ ಅಂದಿನ ರಾತ್ರಿ ಕಣ್ಣು ಮುಚ್ಚಿದಾಗ ಕಂಡದ್ದು ಯಾವ ಮನೆ? ಮೊದಲ ವಾರ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯ ವಾರ ಎಲ್ಲರ ಮೇಲೂ ಸಿಟ್ಟು ಬಂದಿತು. ತಿಂಗಳು ಕಳೆಯುವ ವೇಳೆಗೆ ಅತ್ತ ಊರೂ ದೂರವಾಗಿ, ಇತ್ತ ನಿಲಯವೂ ತನ್ನದಾಗದೆ, ನಡುವೆ ನಿಂತಂತಹ ಒಂದು ಸ್ಥಿತಿ. ಮುಂದೆ ಒಂದು ದಿನ ರಜೆಗೆ ಊರಿಗೆ ಹೋದಾಗ ‘ನಮ್ಮ ನಿಲಯದಲ್ಲಿ ಹೀಗೆ’ ಎಂಬ ಮಾತು ತಮ್ಮ ಬಾಯಿಂದ ತಾನಾಗಿ ಹೊರಟಿತು. ಆ ದಿನ ಯಾವುದೆಂದು ಯಾವ ದಾಖಲೆ ಪುಸ್ತಕದಲ್ಲಿಯೂ ಬರೆದಿಲ್ಲ. ಆದರೆ ತಾವು ನಿಜವಾಗಿ ನಿಲಯವನ್ನು ಸೇರಿದ್ದು ಆ ದಿನವೇ.

ಹೊರಗಿನ ಬದಲಾವಣೆ ಬೇರೆ, ಒಳಗಿನ ಸ್ಥಿತ್ಯಂತರ ಬೇರೆ ಎಂಬುದನ್ನು ಇದಕ್ಕಿಂತ ಸುಲಭವಾಗಿ ತಿಳಿಸುವ ದೃಷ್ಟಾಂತವಿಲ್ಲ. ಬದಲಾವಣೆಗೆ ಒಂದು ದಿನಾಂಕವುಂಟು. ಸ್ಥಿತ್ಯಂತರಕ್ಕೆ ದಿನಾಂಕವಿಲ್ಲ, ಅವಧಿ ಮಾತ್ರ ಇದೆ. ವ್ಯಕ್ತಿಯ ಬಾಳಿನಲ್ಲಿ ನಿಜವಾದ ಈ ಮಾತು ಒಂದು ನಾಡಿನ ಬಾಳಿನಲ್ಲಿಯೂ ನಿಜವೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅದಕ್ಕಾಗಿ ನಾವು ಆರಿಸಿಕೊಂಡಿರುವ ಸಂಗತಿ ಕರ್ನಾಟಕದ ಏಕೀಕರಣ. 1956ನೆಯ ಇಸವಿ ನವೆಂಬರ್ 1ರಂದು ನಾಡು ಕೂಡಿತು. ಅದಕ್ಕೆ ‘ಕರ್ನಾಟಕ’ ಎಂಬ ಹೆಸರು ದೊರೆತದ್ದು 1973ನೆಯ ಇಸವಿ ನವೆಂಬರ್ 1ರಂದು. ನಡುವಿನ ಈ ಹದಿನೇಳು ವರ್ಷಗಳಲ್ಲಿ ಏನು ನಡೆಯಿತು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ರಾಜ್ಯೋತ್ಸವದ ಭಾಷಣಗಳು ಒಂದು ನವೆಂಬರ್‌ನಿಂದ ಇನ್ನೊಂದು ನವೆಂಬರ್‌ಗೆ ನೇರವಾಗಿ ನೆಗೆದುಬಿಡುತ್ತವೆ.

ವಿದ್ವಾಂಸರು ಕಂಡ ದಾರಿ

ಮಾನವನ ಮನಸ್ಸು ಹೊಸತನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನು ಪಾಶ್ಚಾತ್ಯ ವಿದ್ವಾಂಸರು ಕಳೆದ ಶತಮಾನದಲ್ಲಿ ವಿಶೇಷವಾಗಿ ವಿಚಾರ ಮಾಡಿದ್ದಾರೆ. ಫ್ರಾನ್ಸಿನ ಆರ್ನಾಲ್ಡ್ ವಾನ್ ಗೆನೆಪ್ ಎಂಬ ಪಂಡಿತರು 1909ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಜನನ, ವಿವಾಹ, ಮರಣ ಮೊದಲಾದ ಸಂದರ್ಭಗಳ ಆಚರಣೆಗಳನ್ನೆಲ್ಲ ಹೋಲಿಸಿ ನೋಡಿ, ಅವುಗಳಲ್ಲಿ ಮೂರು ಘಟ್ಟಗಳನ್ನು ಗುರುತಿಸಿದರು: ಹಳೆಯದರಿಂದ ಬೇರ್ಪಡುವುದು, ಹೊಸ್ತಿಲ ಮೇಲೆ ನಿಲ್ಲುವುದು, ಹೊಸದರ ಒಳಸೇರುವುದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೇರಿಕೆಯಲ್ಲಿ ವೈದ್ಯೆಯಾಗಿದ್ದ ಎಲಿಜಬೆತ್ ಕೂಬ್ಲರ್ ರಾಸ್ ಅವರು 1969ರಲ್ಲಿ, ಮರಣಶಯ್ಯೆಯಲ್ಲಿದ್ದ ರೋಗಿಗಳೊಡನೆ ಮಾತನಾಡಿ, ಅವರ ಮನಸ್ಸಿನಲ್ಲಿ ನಿರಾಕರಣೆ, ಕೋಪ, ಚೌಕಾಶಿ, ವಿಷಾದ, ಒಪ್ಪಿಗೆ ಎಂಬ ಐದು ಅವಸ್ಥೆಗಳನ್ನು ಕಂಡುದಾಗಿ ಬರೆದರು. ಇತರ ಬಗೆಯ ನಷ್ಟಗಳಿಗೂ ಈ ಅವಸ್ಥೆಗಳನ್ನು ಅನ್ವಯಿಸುವ ಪದ್ಧತಿ ಅನಂತರ ಬೆಳೆಯಿತು. ಎಲ್ಲರೂ ಈ ಮೆಟ್ಟಿಲುಗಳನ್ನು ಇದೇ ಕ್ರಮದಲ್ಲಿ ಏರುತ್ತಾರೆಂದು ತಿಳಿಯಲಾಗದು ಎಂಬುದು ಮುಂದಿನ ಸಂಶೋಧಕರ ಮಾತು. ಅದು ಸರಿಯಾದುದೇ. ಅಮೇರಿಕೆಯ ವಿಲಿಯಂ ಬ್ರಿಜಸ್ ಅವರು 1980ರಲ್ಲಿ ಬರೆದ ಪುಸ್ತಕದಲ್ಲಿ ಬದಲಾವಣೆಗೂ ಸ್ಥಿತ್ಯಂತರಕ್ಕೂ ಇರುವ ಭೇದವನ್ನು ಸ್ಪಷ್ಟಪಡಿಸಿ, ಸ್ಥಿತ್ಯಂತರವು ಒಂದು ಮುಕ್ತಾಯದಿಂದಲೇ ಆರಂಭವಾಗುತ್ತದೆಂದರು.

ಇವರಾರೂ ಕನ್ನಡನಾಡನ್ನು ಕುರಿತು ಬರೆದವರಲ್ಲ. ಆದರೂ ಅವರು ಕೊಟ್ಟ ದೀಪವನ್ನು ಹಿಡಿದು ನಮ್ಮ ಇತಿಹಾಸದ ಕೋಣೆಯನ್ನು ನೋಡಿದರೆ, ಕತ್ತಲಲ್ಲಿದ್ದ ಕೆಲವು ವಸ್ತುಗಳು ಕಾಣಿಸುತ್ತವೆ.

ಬದಲಾವಣೆಯ ಮೂರು ಬಗೆ

ಮೊದಲನೆಯದಾಗಿ, ಬದಲಾವಣೆಗಳೆಲ್ಲ ಒಂದೇ ಬಗೆಯವಲ್ಲ. ಸಿಡಿಲಿನಂತೆ ಎರಗುವುದು ಒಂದು, ಬೀಜದಂತೆ ಮೊಳೆಯುವುದು ಇನ್ನೊಂದು, ಮನೆ ಕಟ್ಟಿದಂತೆ ಗೊತ್ತುಪಡಿಸಿ ಮಾಡುವುದು ಮತ್ತೊಂದು. ಕನ್ನಡನಾಡು ಈ ಮೂರನ್ನೂ ಅನುಭವಿಸಿದೆ.

ಸಿಡಿಲಿನಂತಹ ಬದಲಾವಣೆ ಬಂದದ್ದು 1799ರಲ್ಲಿ. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟೀಪೂ ಸುಲ್ತಾನನು ಮಡಿದ ಮೇಲೆ ಅವನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ಮೈಸೂರು ಒಡೆಯರ ವಂಶಕ್ಕೆ ಬಂದಿತು. ಕರಾವಳಿಯ ಕೆನರಾ ಸೀಮೆ ಕಂಪನಿಯ ವಶವಾಯಿತು. ಬಳ್ಳಾರಿಯ ಸೀಮೆಯನ್ನು ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟನು. ಪೇಶ್ವೆಯ ಪತನವಾದ 1818ರಲ್ಲಿ ಧಾರವಾಡದ ಸೀಮೆಯೂ ಕಂಪನಿಯದಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಕೊಡಗು 1834ರಲ್ಲಿ ಸ್ವಾತಂತ್ರ್ಯ ಕಳೆದುಕೊಂಡಿತು. ಒಂದಾಗಿದ್ದ ಕೆನರಾ ಜಿಲ್ಲೆಯನ್ನು ಸೀಳಿ ಅದರ ಉತ್ತರ ಭಾಗವನ್ನು 1862ರಲ್ಲಿ ಮುಂಬಯಿಗೆ ಕೊಟ್ಟರು. ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದಿನಲ್ಲಿ ಉಳಿದವು. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರುಗಳಂತಹ ಸಣ್ಣ ಸಂಸ್ಥಾನಗಳು ಬೇರೆ. ಹೀಗೆ ಒಂದೇ ನುಡಿಯನ್ನಾಡುವ ಜನ, ತಮ್ಮನ್ನು ಯಾರೂ ಕೇಳದೆಯೇ, ಹಲವು ಆಳ್ವಿಕೆಗಳಲ್ಲಿ ಹರಿದು ಹಂಚಿಹೋದರು.

ಜಾತ್ರೆ, ಬೀಗತನ, ವ್ಯಾಪಾರಗಳು ಗಡಿಯನ್ನು ಲೆಕ್ಕಿಸಲಿಲ್ಲ. ಆದರೆ ಶಾಲೆ, ಕಚೇರಿ, ನ್ಯಾಯಾಲಯಗಳು ಲೆಕ್ಕಿಸಿದವು. ಮೈಸೂರಿನಲ್ಲಿ ಕನ್ನಡಕ್ಕೆ ಅರಮನೆಯ ಆಶ್ರಯವಿದ್ದಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿ ಶಾಲೆಯ ಭಾಷೆಯಾಗಿದ್ದಿತು. ಅಲ್ಲಿ ಕನ್ನಡ ಶಾಲೆಗಳಿಗೆ ನೆಲೆ ಕಲ್ಪಿಸಲು ಡೆಪ್ಯೂಟಿ ಚನ್ನಬಸಪ್ಪನವರಂತಹ ಮಹನೀಯರು ಜೀವಮಾನವನ್ನೇ ಸವೆಸಬೇಕಾಯಿತು. ಹೈದರಾಬಾದಿನಲ್ಲಿ ಆಡಳಿತವೂ ವಿದ್ಯೆಯೂ ಉರ್ದುವಿನಲ್ಲಿ ನಡೆದವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆಯೂ ಉರ್ದುವೇ. ಹಾಲಿ ಸಿಕ್ಕಾ ಎಂಬ ನಾಣ್ಯ, ಫಸಲಿ ಎಂಬ ವರ್ಷಗಣನೆ, ಎಲ್ಲವೂ ಅಲ್ಲಿ ಬೇರೆ.

ಬೀಜದಂತಹ ಬದಲಾವಣೆ 1890ರ ಜುಲೈ 20ರಂದು ಧಾರವಾಡದಲ್ಲಿ ಮೊಳೆಯಿತೆನ್ನಬಹುದು. ಅಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ತಲೆಯೆತ್ತಿತು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಪರಿಷತ್ತಿನ ಸಮ್ಮೇಳನಗಳು ನಡೆದ ಸ್ಥಳಗಳನ್ನೂ ಅಧ್ಯಕ್ಷರನ್ನೂ ಗಮನಿಸಿರಿ. 1926ರಲ್ಲಿ ಮದರಾಸು ಪ್ರಾಂತದ ಬಳ್ಳಾರಿಯಲ್ಲಿ ಸಮ್ಮೇಳನ ಸೇರಿದಾಗ ಅಧ್ಯಕ್ಷರು ವಿಜಾಪುರದ ಫ. ಗು. ಹಳಕಟ್ಟಿಯವರು. 1928ರಲ್ಲಿ ನಿಜಾಮನ ಕಲಬುರ್ಗಿಯಲ್ಲಿ ಸೇರಿದಾಗ ಮೈಸೂರು ಸೀಮೆಯ ಬಿ. ಎಂ. ಶ್ರೀಕಂಠಯ್ಯನವರು. ಮರುವರ್ಷ ಬೆಳಗಾವಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. 1932ರಲ್ಲಿ ಕೊಡಗಿನ ಮಡಿಕೇರಿಯಲ್ಲಿ ಡಿ. ವಿ. ಗುಂಡಪ್ಪನವರು. ನಕಾಶೆಯಲ್ಲಿ ನಾಡು ಒಡೆದೇ ಇದ್ದಿತು. ಆದರೆ ಸಮ್ಮೇಳನದ ಚಪ್ಪರದ ಕೆಳಗೆ ವರ್ಷಕ್ಕೆ ಮೂರು ದಿನ ಅದು ಕೂಡುತ್ತಿದ್ದಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನವು ಮಹಾತ್ಮರ ಅಧ್ಯಕ್ಷತೆಯಲ್ಲಿ ನಡೆದಾಗ ಅದೇ ಊರಿನಲ್ಲಿ ಏಕೀಕರಣ ಪರಿಷತ್ತೂ ಸೇರಿತು. ಇಂತಹ ಬದಲಾವಣೆಯಲ್ಲಿ ಜನರಿಗೆ ನೋವಿಲ್ಲ. ಬೆಳೆಯುವ ಮಗುವಿಗೆ ತಾನು ಬೆಳೆಯುತ್ತಿರುವುದು ತಿಳಿಯದಲ್ಲವೆ!

ಮೂರನೆಯದು ಕಾಯಿದೆಯಿಂದ ಗೊತ್ತುಪಡಿಸಿ ಮಾಡಿದ ಬದಲಾವಣೆ. ಅದು 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ. ಬೇಕೆಂದು ಬೇಡಿ ಪಡೆದ ಬದಲಾವಣೆಯಲ್ಲಿ ಸಂತೋಷವೊಂದೇ ಇರುತ್ತದೆಂದು ನಾವು ಭಾವಿಸುತ್ತೇವೆ. ಹಾಗಲ್ಲವೆಂಬುದನ್ನು ಮುಂದಿನ ಸಂಗತಿಗಳು ತೋರಿಸುತ್ತವೆ.

ನಿರಾಕರಣೆ ಮತ್ತು ಕೋಪ

ಸ್ವಾತಂತ್ರ್ಯ ಬಂದೊಡನೆ ಏಕೀಕರಣವೂ ಆಗುವುದೆಂದು ಕನ್ನಡಿಗರು ನಂಬಿದ್ದರು. 1928ರ ನೆಹರೂ ಸಮಿತಿಯ ವರದಿಯೇ ಈ ಬೇಡಿಕೆಗೆ ಬಲವಾದ ಆಧಾರವಿದೆಯೆಂದು ಒಪ್ಪಿದ್ದಿತು. ಆದರೆ ದೇಶ ವಿಭಜನೆಯ ರಕ್ತಪಾತವನ್ನು ಕಂಡ ದೆಹಲಿಯ ನಾಯಕರು, ಮತ್ತೊಂದು ವಿಂಗಡಣೆಯ ಹೆಸರೆತ್ತಿದರೆ ಬೆಚ್ಚುತ್ತಿದ್ದರು. 1948ರಲ್ಲಿ ಧರ್ ಆಯೋಗವು ಭಾಷಾವಾರು ಪ್ರಾಂತಗಳು ಸಲ್ಲವೆಂದಿತು. 1949ರಲ್ಲಿ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಸೀತಾರಾಮಯ್ಯನವರ ಸಮಿತಿಯು ವಿಷಯವನ್ನು ಮುಂದಕ್ಕೆ ಹಾಕಿತು. ಆಳುವವರಲ್ಲಿ ಕಂಡ ನಿರಾಕರಣೆಯ ಅವಸ್ಥೆ ಇದು.

ಈ ನಡುವೆ ಹೈದರಾಬಾದಿನ ಕನ್ನಡಿಗರ ಮೇಲೆ ಇನ್ನೊಂದು ಸಿಡಿಲು ಎರಗಿದ್ದಿತು. ರಜಾಕಾರರ ಹಾವಳಿಗೆ ಅಂಜಿ ಅನೇಕ ಕುಟುಂಬಗಳು ಮನೆಮಾರು ಬಿಟ್ಟು ಗಡಿಯಾಚೆಗೆ ಓಡಿಬಂದವು. ಮುಂಡರಗಿ, ಗಜೇಂದ್ರಗಡ ಮೊದಲಾದೆಡೆಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಪ್ರವೇಶಿಸಿ, 17ರಂದು ನಿಜಾಮನ ಆಳ್ವಿಕೆ ಮುಗಿಯಿತು. ಅದರ ಬೆನ್ನಲ್ಲಿಯೇ ಏನೂ ಅರಿಯದ ಅನೇಕ ಮುಸಲ್ಮಾನ ಕುಟುಂಬಗಳು ಸೇಡಿಗೆ ತುತ್ತಾದುದನ್ನು ಸರಕಾರವೇ ಕಳುಹಿಸಿದ ಸುಂದರಲಾಲ್ ಸಮಿತಿ ವರದಿ ಮಾಡಿತು. ಬಿಡುಗಡೆಯ ಕಥೆಯನ್ನು ಹೇಳುವಾಗ ಈ ಮಾತನ್ನು ಬಿಟ್ಟುಬಿಡುವುದು ಇತಿಹಾಸಕ್ಕೆ ಶೋಭೆಯಲ್ಲ. ನೋವುಂಡವರೆಲ್ಲರ ನೋವನ್ನೂ ಎಣಿಸದ ಹೊರತು ಒಂದು ಸ್ಥಿತ್ಯಂತರದ ಲೆಕ್ಕ ಪೂರ್ತಿಯಾಗುವುದಿಲ್ಲ.

ತೆಲುಗರಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸ ಮಾಡಿ 1952ರ ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. ಆಂಧ್ರರಾಜ್ಯದ ಘೋಷಣೆಯಾಯಿತು. ಆಗ ಕನ್ನಡಿಗರ ತಾಳ್ಮೆ ಮುಗಿಯಿತು. ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು 1953ರಲ್ಲಿ ಉಪವಾಸ ಕುಳಿತರು. ಅದೇ ವರ್ಷದ ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ಸಿನ ಸಭೆ ಸೇರಿದಾಗ, ಹೊರಗೆ ನೆರೆದ ಜನ ತಮ್ಮವರೇ ಆದ ನಾಯಕರ ಮೇಲೆ ಸಿಡಿದೆದ್ದರು. ಗಲಭೆಯಾಯಿತು, ಅನೇಕರು ಬಂಧಿತರಾದರು. ಕೋಪವು ಶತ್ರುವಿನ ಮೇಲೆ ತಿರುಗುವುದಕ್ಕಿಂತ ಮುಂಚೆ ತನ್ನವರ ಮೇಲೆ ತಿರುಗುತ್ತದೆಂಬುದನ್ನು ಪ್ರಸಾದನಿಲಯದಲ್ಲಿ ಎರಡನೆಯ ವಾರವನ್ನು ಕಳೆದ ತಾವು ಬಲ್ಲಿರಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರನ್ನು ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಅದೇ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಈ ಮೂವರ ಆಯೋಗ ನೇಮಕವಾಯಿತು.

ಭೀತಿ ಮತ್ತು ಚೌಕಾಶಿ

ಏಕೀಕರಣಕ್ಕೆ ಅಡ್ಡಿಯಾದವರು ಪರರೇ ಎಂದು ತಿಳಿದರೆ ತಪ್ಪಾದೀತು. ದೊಡ್ಡ ಭೀತಿ ಇದ್ದುದು ಮೈಸೂರಿನಲ್ಲಿ. ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತನ್ನು ಪಡೆದ ಸಂಸ್ಥಾನ ಅದು. ಕೃಷ್ಣರಾಜಸಾಗರ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 1916ರಿಂದ ವಿಶ್ವವಿದ್ಯಾಲಯ, ಶರಾವತಿಯ ವಿದ್ಯುದಾಗಾರ, ಇವೆಲ್ಲ ಅಲ್ಲಿನ ಜನ ತಮ್ಮ ತೆರಿಗೆಯಿಂದ, ತಮ್ಮ ದಿವಾನರ ದೂರದೃಷ್ಟಿಯಿಂದ ಗಳಿಸಿದವು. ಹಿಂದುಳಿದ ಜಿಲ್ಲೆಗಳು ಬಂದು ಸೇರಿದರೆ ತಮ್ಮ ಅನ್ನವನ್ನು ಹಂಚಿಕೊಳ್ಳಬೇಕಾಗುವುದೆಂದು ಅವರು ಅಂಜಿದರೆ ಅದನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೊಡಗಿನಲ್ಲಿಯೂ ಇಂತಹುದೇ ಅಂಜಿಕೆ. 1952ರ ಅಲ್ಲಿನ ಚುನಾವಣೆಯಲ್ಲಿ ವಿಲೀನ ಬೇಕೆ ಬೇಡವೆ ಎಂಬುದೇ ಮುಖ್ಯ ಪ್ರಶ್ನೆಯಾಗಿದ್ದಿತು.

ಇನ್ನೊಂದು ಭೀತಿ ಇದ್ದಿತು. ನಮ್ಮ ಪತ್ರಿಕೆಯ ಓದುಗರು ಅದನ್ನು ಕೇಳಿ ಮುಜುಗರಪಡಬೇಕಾದುದಿಲ್ಲ. ಉತ್ತರದ ಜಿಲ್ಲೆಗಳು ಕೂಡಿದರೆ ಲಿಂಗಾಯತರ ಸಂಖ್ಯೆ ಹೆಚ್ಚಿ, ಹಳೆಯ ಮೈಸೂರಿನಲ್ಲಿ ಒಕ್ಕಲಿಗರಿಗಿದ್ದ ಪ್ರಾಬಲ್ಯ ಕುಗ್ಗುವುದೆಂಬ ಮಾತು ಅಂದು ಬಹಿರಂಗವಾಗಿಯೇ ನಡೆದಿದ್ದಿತು. ಆಯೋಗದ ವರದಿಯೂ ಇದನ್ನು ಮುಚ್ಚಿಡದೆ ಚರ್ಚಿಸಿತು. ಎಣಿಕೆ ಮಾಡಿ ನೋಡಿ, ಈ ಕಾರಣಕ್ಕಾಗಿ ನಾಡನ್ನು ಒಡೆದಿಡಲಾಗದೆಂದು ಹೇಳಿತು. ಆದರೆ ಆಯೋಗ ಅಲ್ಲಗಳೆದ ಮಾತ್ರಕ್ಕೆ ಒಬ್ಬರ ಎದೆಯೊಳಗಿನ ಅಂಜಿಕೆ ಹೋಗುವುದುಂಟೆ?

ಭೀತಿಯ ಬೆನ್ನಿಗೆ ಬರುವುದು ಚೌಕಾಶಿ. ‘ಕನ್ನಡಿಗರಿಗೆ ಒಂದೇ ರಾಜ್ಯವೇಕೆ, ಎರಡಿರಲಿ. ಮೈಸೂರು ಹಾಗೆಯೇ ಇರಲಿ, ಉಳಿದವು ಸೇರಿ ಇನ್ನೊಂದಾಗಲಿ’ ಎಂಬ ವಾದ ಹುಟ್ಟಿದ್ದು ಆಗಲೇ. ಅಂತಹ ಸಂದರ್ಭದಲ್ಲಿ ಮೈಸೂರಿನವರೇ ಆದ ಕೆಲವರು ಹಿರಿತನ ಮೆರೆದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಕಡೆಯ ಅನೇಕರ ಅಸಮಾಧಾನವನ್ನು ಲೆಕ್ಕಿಸದೆ ಏಕೀಕರಣದ ಪರ ನಿಂತರು. ಕುವೆಂಪು ಅವರು ಕವಿವಾಣಿಯ ಬಲವನ್ನು ಆ ಪಕ್ಷಕ್ಕೆ ಕೊಟ್ಟರು. ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ 1956ರಲ್ಲಿ ಸಿದ್ಧವಾಯಿತು. ಆದರೆ ಹೊಸ ರಾಜ್ಯ ಉದಯವಾಗುವ ಕೆಲವೇ ತಿಂಗಳ ಹಿಂದೆ ಅವರು ಅಧಿಕಾರವನ್ನು ಬಿಡಬೇಕಾಯಿತು. ನವೆಂಬರ್ 1ರಂದು ಮುಖ್ಯಮಂತ್ರಿಗಳಾದವರು ಎಸ್. ನಿಜಲಿಂಗಪ್ಪನವರು. ತಾನು ನೆಟ್ಟ ಮರದ ನೆರಳಲ್ಲಿ ಬೇರೆಯವರು ಕುಳಿತುಕೊಳ್ಳುವುದನ್ನು ಕಾಣುವುದು ಸ್ಥಿತ್ಯಂತರಗಳನ್ನು ನಡೆಸುವವರ ಪಾಲಿಗೆ ಅನೇಕ ವೇಳೆ ಬರುತ್ತದೆ.

ಹೊಸ್ತಿಲ ಮೇಲಿನ ವರ್ಷಗಳು

ಆ ದಿನ ಬೆಂಗಳೂರಿನಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದರು. ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ರಾಜ್ಯಗಳಿಂದ ಬಂದ ಭಾಗಗಳು ಸೇರಿ ಹತ್ತೊಂಬತ್ತು ಜಿಲ್ಲೆಗಳಾದವು. ದಾಖಲೆ ಪುಸ್ತಕದಲ್ಲಿ ಹೆಸರು ಬಿದ್ದದ್ದು ಅಂದು.

ಮರುದಿನ ಬೆಳಗಾಯಿತು. ಆಗ ತಿಳಿದದ್ದು, ಒಂದೇ ನುಡಿಯ ಜನ ಒಂದೇ ಕೆಲಸಕ್ಕೆ ಎಷ್ಟು ಬೇರೆ ಬೇರೆ ಹೆಸರುಗಳನ್ನಿಟ್ಟಿದ್ದಾರೆಂಬುದು. ತಾಲ್ಲೂಕಿನ ಅಧಿಕಾರಿ ಮೈಸೂರಿನಲ್ಲಿ ಅಮಲ್ದಾರ, ಧಾರವಾಡದಲ್ಲಿ ಮಾಮಲೇದಾರ, ಕಲಬುರ್ಗಿಯಲ್ಲಿ ತಹಶೀಲದಾರ. ಊರಿನ ಲೆಕ್ಕ ಬರೆಯುವವನು ಒಂದೆಡೆ ಶಾನುಭೋಗ, ಒಂದೆಡೆ ಕುಲಕರ್ಣಿ, ಮತ್ತೊಂದೆಡೆ ಪಟವಾರಿ. ಹೆಸರಿನಂತೆ ಕಾಯಿದೆಯೂ ಬೇರೆ. ಭೂಕಂದಾಯಕ್ಕೆ ಮುಂಬಯಿಯ 1879ರ ಸಂಹಿತೆ ಒಂದು ಕಡೆ, ಮೈಸೂರಿನ 1888ರ ಸಂಹಿತೆ ಇನ್ನೊಂದು ಕಡೆ, ಹೈದರಾಬಾದಿನ ಫಸಲಿ 1317ರ ಕಾನೂನು ಮತ್ತೊಂದು ಕಡೆ. ಧಾರವಾಡದ ವಕೀಲರು ಮೇಲಿನ ನ್ಯಾಯಕ್ಕಾಗಿ ಮುಂಬಯಿಯ ರೈಲು ಹತ್ತುತ್ತಿದ್ದವರು ಬೆಂಗಳೂರಿನ ರೈಲು ಹತ್ತಬೇಕಾಯಿತು. ಉರ್ದುವಿನಲ್ಲಿ ಕಾನೂನು ಓದಿ, ಉರ್ದುವಿನಲ್ಲಿಯೇ ಅರ್ಜಿ ಬರೆದು ಬದುಕಿದ ಕಲಬುರ್ಗಿ, ಬೀದರಗಳ ಹಿರಿಯ ವಕೀಲರೂ ಗುಮಾಸ್ತರೂ ನಡುವಯಸ್ಸಿನಲ್ಲಿ ಹೊಸ ಭಾಷೆಯ ಕಡತಗಳ ಮುಂದೆ ಕುಳಿತರು. ಮನೆಯಲ್ಲಿ ಆಡಿದ ಕನ್ನಡವೇ ಕಚೇರಿಯಲ್ಲಿ ಅಪರಿಚಿತವಾಯಿತು.

ಸರಕಾರಿ ನೌಕರರ ಕಷ್ಟ ಇನ್ನೊಂದು ಬಗೆಯದು. ಐದು ಕಡೆಗಳಿಂದ ಬಂದವರಲ್ಲಿ ಯಾರು ಹಿರಿಯರು, ಯಾರು ಕಿರಿಯರು? ಒಂದು ರಾಜ್ಯದ ಹುದ್ದೆ ಇನ್ನೊಂದರ ಯಾವ ಹುದ್ದೆಗೆ ಸಮ? ಜ್ಯೇಷ್ಠತೆಯ ಪಟ್ಟಿಗಳ ಜಗಳ ವರ್ಷಗಟ್ಟಲೆ ನಡೆದು ನ್ಯಾಯಾಲಯಗಳನ್ನು ಹತ್ತಿತು. ಏಕೀಕರಣಕ್ಕಾಗಿ ಜಯಕಾರ ಕೂಗಿದ ಗುಮಾಸ್ತನೇ ಬಡ್ತಿಯ ಪಟ್ಟಿಯಲ್ಲಿ ತನ್ನ ಹೆಸರು ಕೆಳಗಿಳಿದುದನ್ನು ಕಂಡು ನಿಟ್ಟುಸಿರಿಟ್ಟಿರಬೇಕು.

ಇದರ ಮೇಲೆ, ಅದೇ ಕಾಲದಲ್ಲಿ, ಇಡೀ ದೇಶದ ನಾಣ್ಯವೂ ಬದಲಾಯಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರು ಆಣೆಯ ಲೆಕ್ಕ ಹೋಗಿ ನೂರು ನಯಾ ಪೈಸೆಯ ಲೆಕ್ಕ ಬಂದಿತು. ಕೆಲವೇ ವರ್ಷಗಳಲ್ಲಿ ಸೇರು, ಮಣಗಳ ಸ್ಥಾನಕ್ಕೆ ಕಿಲೋಗ್ರಾಮು, ಕ್ವಿಂಟಲುಗಳು ಬಂದವು. ರಾಯಚೂರಿನ ಒಬ್ಬ ರೈತನನ್ನು ಊಹಿಸಿಕೊಳ್ಳಿರಿ. 1948ರಿಂದ 1962ರ ಒಳಗೆ ಅವನ ದೊರೆ ಹೋದ, ರಾಜ್ಯ ಹೋಯಿತು, ನಾಣ್ಯ ಹೋಯಿತು, ಅಳತೆ ಹೋಯಿತು, ಕಚೇರಿಯ ಭಾಷೆ ಹೋಯಿತು. ಬಂದದ್ದೆಲ್ಲ ಹಿಂದಿನದಕ್ಕಿಂತ ಒಳ್ಳೆಯದೇ ಇರಬಹುದು. ಆದರೆ ಸಂತೆಯಲ್ಲಿ ನಿಂತು ಜೋಳದ ಬೆಲೆ ಕೇಳುವಾಗ ಅವನಿಗೆ ಯಾವುದನ್ನು ಯಾವುದಕ್ಕೆ ಹೋಲಿಸಬೇಕೆಂದು ತೋಚಿರಲಾರದು. ವಾನ್ ಗೆನೆಪ್ ಹೇಳಿದ ಹೊಸ್ತಿಲ ಸ್ಥಿತಿ ಇದೇ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಈ ನಡುಗಾಲದಲ್ಲಿ ಸದ್ದಿಲ್ಲದೆ ನಡೆದ ಕೆಲಸ ಬಹಳ. 1959ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪಂಚಾಯತಿ ಕಾನೂನು, ಒಂದೇ ಸಹಕಾರ ಸಂಘಗಳ ಕಾನೂನು ಬಂದವು. 1961ರಲ್ಲಿ ಭೂಸುಧಾರಣಾ ಕಾನೂನೂ, ವಂಶಪಾರಂಪರ್ಯದ ಪಟೇಲಿಕೆ ಶಾನುಭೋಗಿಕೆಗಳನ್ನು ತೆಗೆದುಹಾಕುವ ಕಾನೂನೂ ಆದವು. 1963ರಲ್ಲಿ ಕನ್ನಡವನ್ನು ರಾಜ್ಯದ ಅಧಿಕೃತ ಭಾಷೆಯೆಂದು ವಿಧಿಸಲಾಯಿತು. ಭೂಕಂದಾಯದ ಏಕರೂಪ ಕಾನೂನು ಆದದ್ದು 1964ರಲ್ಲಿ. ಎಂದರೆ, ನಾಡು ಕೂಡಿ ಎಂಟು ವರ್ಷಗಳವರೆಗೆ ಒಬ್ಬ ರೈತನ ಕಂದಾಯದ ವಿಧಿ ಅವನ ಅಜ್ಜನನ್ನು ಆಳಿದವರಾರು ಎಂಬುದನ್ನು ಅವಲಂಬಿಸಿದ್ದಿತು. ಈ ಕೆಲಸವನ್ನು ಮಾಡಿದ ನೂರಾರು ಅಧಿಕಾರಿಗಳ ಹೆಸರನ್ನು ಯಾವ ರಾಜ್ಯೋತ್ಸವದಲ್ಲಿಯೂ ಹೇಳುವುದಿಲ್ಲ. ಆದರೆ ಚಳವಳಿಗಾರರು ಗೆದ್ದುಕೊಟ್ಟ ನಾಡನ್ನು ದಿನ ಬಳಕೆಗೆ ತಂದವರು ಅವರೇ.

ತೀರದ ವಿಷಾದ

ಒಪ್ಪಿಗೆಗೆ ಮುಂಚೆ ವಿಷಾದವೆಂಬ ಅವಸ್ಥೆ ಇದೆಯಷ್ಟೆ. ಅದು ಹೊರಗೆ ಉಳಿದವರಲ್ಲಿ ತೀರಲೇ ಇಲ್ಲ. ಕಾಸರಗೋಡು ಕೇರಳಕ್ಕೆ ಹೋಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ದೀರ್ಘಕಾಲ ಹೋರಾಡಿ, 2015ರಲ್ಲಿ, ಆ ಆಸೆ ಕೈಗೂಡದೆಯೇ ತೀರಿಕೊಂಡರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಆಚೆಯೇ ಉಳಿದವು. ಇತ್ತ ಬೆಳಗಾವಿಯ ಮರಾಠಿ ಬಂಧುಗಳಲ್ಲಿಯೂ, ತಾವು ಬೇಕಿಲ್ಲದ ಕಡೆಗೆ ಸೇರಿದೆವೆಂಬ ಭಾವ ಅನೇಕರಿಗಿದ್ದಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಕನ್ನಡಿಗರ ನಷ್ಟವನ್ನು ನಾವು ಬಲ್ಲೆವಾದರೆ, ನೆರೆಯವರ ನಷ್ಟದ ಭಾವನೆಯನ್ನು ತಿಳಿಯುವುದು ನಮಗೆ ಕಠಿಣವಾಗಬಾರದು. ತಿಳಿಯುವುದು ಬೇರೆ, ನೆಲವನ್ನು ಬಿಟ್ಟುಕೊಡುವುದು ಬೇರೆ.

ಹೆಸರು

ಇನ್ನು ಹೆಸರಿನ ಮಾತು. ‘ಕರ್ನಾಟಕ’ವೆಂದು ಹಾಡಿ, ‘ಕರ್ನಾಟಕ’ವೆಂದು ಸೆರೆಮನೆಗೆ ಹೋದ ಉತ್ತರದವರಿಗೆ ದೊರೆತ ರಾಜ್ಯದ ಹೆಸರು ‘ಮೈಸೂರು’. ಅದು ಅವರಿಗೆ ನೋವನ್ನು ತಂದಿತು. ಮೈಸೂರಿನವರಿಗಾದರೋ ಆ ಹೆಸರು ದಸರೆ, ರೇಷ್ಮೆ, ಶ್ರೀಗಂಧಗಳ ಕೀರ್ತಿಯನ್ನು ಹೊತ್ತ ಮನೆತನದ ಹೆಸರು. ಅದನ್ನು ಬಿಡುವುದು ಅವರಿಗೆ ನೋವು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಶಾಸನಸಭೆಯಲ್ಲಿ ಹೆಸರಿನ ಬದಲಾವಣೆಗಾಗಿ ದನಿಯೆತ್ತಿದರು. ಆಲೂರು ವೆಂಕಟರಾಯರು 1964ರಲ್ಲಿ ಲಿಂಗದೊಳಗೆ ಬೆಳಕು ಬೆರೆತಂತೆ ಕಣ್ಮರೆಯಾದರು. ತಾವು ಕನಸಿದ ಹೆಸರನ್ನು ನಕಾಶೆಯ ಮೇಲೆ ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ. 1972ರಲ್ಲಿ ಶಾಸನಸಭೆ ನಿರ್ಣಯ ಮಾಡಿತು. 1973ರ ನವೆಂಬರ್ 1ರಂದು ಹೆಸರು ಬದಲಾಯಿತು. ಅಂದು ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರು ಹಳೆಯ ಮೈಸೂರಿನವರೇ ಎಂಬುದನ್ನು ಗಮನಿಸಿರಿ.

ಹದಿನೇಳು ವರ್ಷ ತಡವಾಯಿತೆಂದು ಕೆಲವರು ಕೊರಗುತ್ತಾರೆ. ಹಾಗಲ್ಲವೆಂದು ನಮಗೆ ತೋರುತ್ತದೆ. 1956ರಲ್ಲಿಯೇ ಹೆಸರನ್ನು ಬದಲಿಸಿದ್ದರೆ ಒಬ್ಬರು ಗೆದ್ದಂತೆಯೂ ಇನ್ನೊಬ್ಬರು ಸೋತಂತೆಯೂ ಆಗುತ್ತಿದ್ದಿತು. ಒಂದೇ ಪಂಚಾಯತಿ, ಒಂದೇ ಕಂದಾಯ, ಒಂದೇ ಶಾಸನಸಭೆಗಳಲ್ಲಿ ಒಂದು ತಲೆಮಾರು ಬಾಳಿದ ಮೇಲೆ, ಬಿಟ್ಟುಕೊಡಬೇಕಾದವರೇ ಮುಂದಾಗಿ ಬಿಟ್ಟುಕೊಟ್ಟರು. ಬಾಲಕನ ಬಾಯಿಂದ ‘ನಮ್ಮ ನಿಲಯ’ ಎಂಬ ಮಾತು ಹೊರಟ ಗಳಿಗೆ ಇದೇ.

ಉಳಿದಿರುವ ದಾರಿ

ಹಾಗಾದರೆ ಸ್ಥಿತ್ಯಂತರ ಮುಗಿಯಿತೆ? ಹೆಸರು ಒಂದಾದರೂ ಪಾಲು ಸಮನಾಗಿರಲಿಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ, ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಎಣಿಸಿತು. ಆ 39ರಲ್ಲಿ 21 ತಾಲ್ಲೂಕುಗಳು ಕಲಬುರ್ಗಿ ವಿಭಾಗದವು. ಅತಿ ಹೆಚ್ಚು ಬದಲಾವಣೆಗಳನ್ನು ಅತಿ ಕಡಿಮೆ ಅವಧಿಯಲ್ಲಿ ಅನುಭವಿಸಿದ ಸೀಮೆಯೇ ಅತಿ ಹಿಂದೆ ಉಳಿದಿರುವುದನ್ನು ತಾವು ಗಮನಿಸದೆ ಇರಲಾರಿರಿ. ಧಾರವಾಡ, ಕಲಬುರ್ಗಿಗಳಿಗೆ ಉಚ್ಚ ನ್ಯಾಯಾಲಯದ ಪೀಠಗಳು ಬಂದದ್ದು 2008ರಲ್ಲಿ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371-ಜೆ ವಿಧಿಯನ್ನು ಸೇರಿಸಿ ಆ ಭಾಗಕ್ಕೆ ವಿಶೇಷ ಸೌಲಭ್ಯವನ್ನು ಕಲ್ಪಿಸಿದ್ದು 2013ರಲ್ಲಿ ಜಾರಿಗೆ ಬಂದಿತು. ‘ಹೈದರಾಬಾದು ಕರ್ನಾಟಕ’ವೆಂಬ ಹೆಸರು ‘ಕಲ್ಯಾಣ ಕರ್ನಾಟಕ’ವಾದದ್ದು 2019ರಲ್ಲಿ. ನಡುನಡುವೆ ಉತ್ತರದಿಂದ ಪ್ರತ್ಯೇಕ ರಾಜ್ಯದ ಕೂಗು ಕೇಳಿಬಂದಾಗ ನಾವು ಕೂಡಲೇ ಅದನ್ನು ನಾಡದ್ರೋಹವೆಂದು ಬಯ್ಯುತ್ತೇವೆ. ಬಯ್ಯುವುದಕ್ಕೆ ಮುಂಚೆ ಒಂದು ಕ್ಷಣ ಯೋಚಿಸಬೇಕು. ಅದು ಮುಗಿಯದೆ ಉಳಿದ ಸ್ಥಿತ್ಯಂತರದ ದನಿ. ಒಳಗೆ ಬಂದವನಿಗೆ ಎಲೆ ಹಾಕಿ ಬಡಿಸುವವರೆಗೆ ಅವನು ಹೊಸ್ತಿಲ ಮೇಲೆಯೇ ಇದ್ದಾನೆಂದು ತಿಳಿಯಬೇಕು.

ವಾಚಕರೇ, ಈ ಇತಿಹಾಸದಿಂದ ನಾವು ಕಲಿಯಬೇಕಾದುದು ನಾಡಿಗೆ ಮಾತ್ರ ಸಂಬಂಧಿಸಿದುದಲ್ಲ. ತಮ್ಮಲ್ಲಿ ಕೆಲವರು ಸಂಸ್ಥೆಗಳನ್ನು ನಡೆಸುವವರು, ಕೆಲವರು ಶಾಲೆಗಳ ಮುಖ್ಯಸ್ಥರು, ಎಲ್ಲರೂ ಸಂಸಾರಸ್ಥರು. ಮನೆಗೆ ಸೊಸೆ ಬಂದಾಗ, ಅವಿಭಕ್ತ ಕುಟುಂಬ ಪಾಲಾದಾಗ, ಹೊಲ ಬಿಟ್ಟು ಪಟ್ಟಣ ಸೇರಿದಾಗ, ಸಂಸ್ಥೆಯ ಆಡಳಿತ ಹಿರಿಯರಿಂದ ಕಿರಿಯರಿಗೆ ಬಂದಾಗ, ನಾವು ದಿನಾಂಕವನ್ನು ಗೊತ್ತುಮಾಡಿ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಅನಂತರ ಏಳುವ ಸಿಟ್ಟು, ಸೆಡವು, ಮೌನಗಳನ್ನು ಅವಿಧೇಯತೆಯೆಂದು ಎಣಿಸುತ್ತೇವೆ. ಏಕೀಕರಣದ ಕಥೆ ನಮಗೆ ಮೂರು ಮಾತುಗಳನ್ನು ಹೇಳುತ್ತದೆ. ಬಿಡಬೇಕಾದವನ ನಷ್ಟವನ್ನು ಮೊದಲು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ನಡುಗಾಲದ ಗೊಂದಲಕ್ಕೆ ವರ್ಷಗಳನ್ನೂ ತಾಳ್ಮೆಯನ್ನೂ ಮೀಸಲಿಡಬೇಕು. ಹೊಸದರ ಫಲದಲ್ಲಿ ಕಟ್ಟಕಡೆಯವನಿಗೂ ಪಾಲು ಸಲ್ಲಬೇಕು. ಮೊದಲ ಎರಡನ್ನು ನಮ್ಮ ಹಿರಿಯರು ಬಹುಮಟ್ಟಿಗೆ ನಡೆಸಿಕೊಟ್ಟರು. ಮೂರನೆಯದು ನಮ್ಮ ಪಾಲಿಗೆ ಉಳಿದಿದೆ.

ಮುಂದಿನ ನವೆಂಬರ್ 1ರಂದು ಧ್ವಜವನ್ನೇರಿಸಿ ಸಿಹಿ ಹಂಚುವಾಗ, ಪ್ರಸಾದನಿಲಯದ ಮೂಲೆಯಲ್ಲಿ ಟ್ರಂಕಿನ ಪಕ್ಕ ಕುಳಿತು ಅಳುತ್ತಿದ್ದ ಆ ಬಾಲಕನನ್ನು ದಯಮಾಡಿ ನೆನೆಯಿರಿ. ಅವನ ಬಳಿಗೆ ಬಂದು, ಹೆಗಲ ಮೇಲೆ ಕೈಯಿಟ್ಟು, ‘ಊಟಕ್ಕೆ ಬಾ ತಮ್ಮಾ’ ಎಂದು ಕರೆದ ಹಿರಿಯ ವಿದ್ಯಾರ್ಥಿಯೊಬ್ಬನು ಇದ್ದನಲ್ಲವೆ? ನಾಡಿಗೂ ಅಂತಹವರು ಬೇಕಾಗಿದ್ದಾರೆ.